ಕಾರಿನ ಎಂಜಿನ್ ಹೊತ್ತ ವಿಮಾನ: ಮುರಿಯುವುದು ಎಂಜಿನ್ ಅಲ್ಲ, ಅದರ ಸುತ್ತ ಕಟ್ಟಿದ್ದು

1902ರ ಕೊನೆಯಲ್ಲಿ ರೈಟ್ ಸಹೋದರರು ಗ್ಲೈಡರ್ ಬಿಟ್ಟು ಎಂಜಿನ್ ವಿಮಾನಕ್ಕೆ ಕೈಹಾಕಿದಾಗ ಮೊದಲು ಪತ್ರ ಬರೆದದ್ದು ಕಾರು ಎಂಜಿನ್ ಮಾಡುವವರಿಗೆ. ತಮಗೆ ಬೇಕಾದಷ್ಟು ಹಗುರದ್ದು ಯಾರಲ್ಲೂ ಸಿಗಲಿಲ್ಲ. ಕಡೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ ಅಲ್ಯೂಮಿನಿಯಂ ಎರಕದ ನಾಲ್ಕು ಸಿಲಿಂಡರ್ ಎಂಜಿನ್ ಕಟ್ಟಿಕೊಟ್ಟರು; ಶಕ್ತಿ ಸುಮಾರು 12 ಅಶ್ವಶಕ್ತಿ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿನಲ್ಲಿ ಓಡುತ್ತಿತ್ತು, ಪ್ರೊಪೆಲ್ಲರ್‌ಗಳು ಅದರ ಮೂರನೇ ಒಂದರಷ್ಟು ವೇಗದಲ್ಲಿ. ನಡುವೆ ಸೈಕಲ್ ಮಾದರಿಯ ಚೈನು. 1903ರ ನವೆಂಬರ್‌ನಲ್ಲಿ ಕಿಟ್ಟಿ ಹಾಕ್‌ನಲ್ಲಿ ಓಡಿಸಿ ನೋಡಿದಾಗ ಎಂಜಿನ್ ಒಡೆಯಲಿಲ್ಲ. ಒಡೆದದ್ದು ಪ್ರೊಪೆಲ್ಲರ್ ಶಾಫ್ಟ್‌ಗಳು, ಅದೂ ಎರಡು ಬಾರಿ. ಚೈನು ಕೂರುವ ಹಲ್ಲುಚಕ್ರಗಳು ಪದೇ ಪದೇ ಸಡಿಲವಾಗುತ್ತಿದ್ದವು. ಅವನ್ನು ಕೂರಿಸಲು ಸೈಕಲ್ ಟೈರಿನ ಅಂಟು ಬೇಕಾಯಿತು. ಆರ್ವಿಲ್ ರೈಟ್ ತಮ್ಮ ಊರಾದ ಡೇಟನ್‌ಗೆ ಹಿಂದಿರುಗಿ, ಟೊಳ್ಳು ಕೊಳವೆಯ ಬದಲು ಗಟ್ಟಿ ಉಕ್ಕಿನ ಶಾಫ್ಟ್ ಮಾಡಿಸಿಕೊಂಡು ಬಂದ ಮೇಲೆಯೇ ಡಿಸೆಂಬರ್ 17ರ ಆ ಮೊದಲ ಹಾರಾಟ ಆದದ್ದು.

ಮನೆಯಲ್ಲೇ ವಿಮಾನ ಕಟ್ಟಿ ಅದಕ್ಕೆ ಕಾರಿನ ಎಂಜಿನ್ ಕೂರಿಸುವವರ ಪಾಡು ಇಂದಿಗೂ ಹೆಚ್ಚು ಬದಲಾಗಿಲ್ಲ. ಸಿಲಿಂಡರು, ಪಿಸ್ಟನ್ನು, ವಾಲ್ವು ಕೈಕೊಡುವುದು ಅಪರೂಪ. ಕೈಕೊಡುವುದು ಎಂಜಿನ್ ಮತ್ತು ವಿಮಾನದ ನಡುವೆ ನಾವು ಕಟ್ಟುವ ಜೋಡಣೆಗಳು.

ಹಳೆಯ ಎಂಜಿನ್ ಪುಕ್ಕಟೆ ಮಾಡುತ್ತಿದ್ದ ಕೆಲಸಗಳು

ಸಣ್ಣ ವಿಮಾನಗಳಲ್ಲಿ ದಶಕಗಳಿಂದ ಇರುವುದು ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳು. ಲೈಕಮಿಂಗ್ ಒ-360ರ ಗಾತ್ರ 5.9 ಲೀಟರ್, ಶಕ್ತಿ 180 ಅಶ್ವಶಕ್ತಿ. ಇವತ್ತಿನ 2 ಲೀಟರ್ ಟರ್ಬೊ ಕಾರು ಎಂಜಿನ್ ಇದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತದೆ, ಕಡಿಮೆ ಪೆಟ್ರೋಲ್ ಕುಡಿಯುತ್ತದೆ, ಬೆಲೆಯೂ ಕಡಿಮೆ. ಹೊಸ ಲೈಕಮಿಂಗ್‌ನ ಬೆಲೆ ಹಲವು ವಿಮಾನ ಕಿಟ್‌ಗಳ ಬೆಲೆಯನ್ನೇ ಮೀರಿಸುತ್ತದೆ. ಹೀಗಿರುವಾಗ ಹೋಂಡಾ, ಸುಬಾರು, ಸುಜುಕಿ ಎಂಜಿನ್‌ಗಳ ಮೇಲೆ, ಮಾಜ್ದಾದ ರೋಟರಿ ಎಂಜಿನ್ ಮೇಲೆ ಕಣ್ಣು ಬೀಳುವುದು ಸಹಜ.

ಆದರೆ ಆ ಹಳೆಯ ಎಂಜಿನ್‌ನ ಜಾಣ್ಮೆ ಇರುವುದು ಅದರಲ್ಲಿ ಏನೇನು ಇಲ್ಲ ಎಂಬುದರಲ್ಲಿ. ಗೇರ್‌ಬಾಕ್ಸ್ ಇಲ್ಲ, ಪ್ರೊಪೆಲ್ಲರ್ ನೇರವಾಗಿ ಎಂಜಿನ್‌ನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೇ ಬೋಲ್ಟ್ ಆಗಿರುತ್ತದೆ. ರೇಡಿಯೇಟರ್ ಇಲ್ಲ, ಗಾಳಿಯೇ ತಂಪು ಮಾಡುತ್ತದೆ. ಕಿಡಿಗೆ ಬ್ಯಾಟರಿ ಬೇಕಿಲ್ಲ, ಎಂಜಿನ್ ಸುತ್ತುವವರೆಗೂ ಎರಡು ಮ್ಯಾಗ್ನೆಟೋಗಳು ತಮ್ಮ ವಿದ್ಯುತ್ತನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಆಕಾಶದಲ್ಲಿ ಬ್ಯಾಟರಿಯನ್ನು ಕಿತ್ತು ಹೊರಗೆ ಎಸೆದರೂ ಅದು ಓಡುತ್ತಲೇ ಇರುತ್ತದೆ. ಕಾರಿನ ಎಂಜಿನ್ ತಂದರೆ ಈ ಕೆಲಸಗಳಿಗೆಲ್ಲ ಪ್ರತ್ಯೇಕ ವ್ಯವಸ್ಥೆ ಕಟ್ಟಬೇಕು, ಮತ್ತು ಅವುಗಳಲ್ಲಿ ಯಾವೊಂದು ನಿಂತರೂ ಎಂಜಿನ್ ನಿಲ್ಲುತ್ತದೆ.

ಕಾರಿನ ಎಂಜಿನ್ ಸತತ ಹೊರೆ ತಾಳುವುದಿಲ್ಲ ಎಂಬ ಮಾತನ್ನು ವಿಮಾನ ಕಟ್ಟುವವರ ನಡುವೆ ಆಗಾಗ ಕೇಳುತ್ತೇವೆ. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವ ಕಾರು ಇಪ್ಪತ್ತು ಅಶ್ವಶಕ್ತಿಯ ಆಸುಪಾಸನ್ನಷ್ಟೇ ಬಳಸುತ್ತದೆ, ವಿಮಾನವೋ ಗಂಟೆಗಟ್ಟಲೆ ಪೂರ್ಣ ಶಕ್ತಿಯ ಮುಕ್ಕಾಲು ಪಾಲು ಕೇಳುತ್ತದೆ ಎನ್ನುವುದೇನೋ ನಿಜ. ಆದರೆ ಕಾರು ಕಂಪನಿಗಳು ಮಾರುಕಟ್ಟೆಗೆ ಬಿಡುವ ಮುನ್ನ ಎಂಜಿನ್‌ಗಳನ್ನು ಪರೀಕ್ಷಾ ಮಂಚದ ಮೇಲೆ ಪೂರ್ಣ ಹೊರೆಯಲ್ಲಿ ನೂರಾರು ಗಂಟೆ ಓಡಿಸಿ ನೋಡಿರುತ್ತವೆ. ಎಂಜಿನ್ ತಾಳುತ್ತದೆ. ನಾವು ಕಟ್ಟಿದ ಬ್ರಾಕೆಟ್ಟು, ಪೈಪು, ವೈರುಗಳನ್ನು ಹಾಗೆ ಯಾರೂ ಪರೀಕ್ಷಿಸಿರುವುದಿಲ್ಲ.

ಪ್ರೊಪೆಲ್ಲರ್ ತುದಿಯ ಲೆಕ್ಕ

ಗೇರ್‌ಬಾಕ್ಸ್ ಏಕೆ ಬೇಕು ಎಂಬುದು ಒಂದೇ ಗುಣಾಕಾರದಲ್ಲಿ ತಿಳಿಯುತ್ತದೆ. ಸಾಮಾನ್ಯ ಪ್ರೊಪೆಲ್ಲರ್ ಒಂದರ ವ್ಯಾಸ 1.83 ಮೀಟರ್ ಎನ್ನಿ. ಒಂದು ಸುತ್ತಿಗೆ ಅದರ ತುದಿ 5.75 ಮೀಟರ್ ದೂರ ಸಾಗುತ್ತದೆ. ಲೈಕಮಿಂಗ್‌ನಂತೆ ನಿಮಿಷಕ್ಕೆ 2,700 ಸುತ್ತಾದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 259 ಮೀಟರ್. ಶಬ್ದದ ವೇಗ 340 ಮೀಟರ್. ಅದರ ಮುಕ್ಕಾಲು ಭಾಗದಷ್ಟಾಯಿತು, ಚಿಂತೆಯಿಲ್ಲ. ಕಾರಿನ ಎಂಜಿನ್ ತನ್ನ ಶಕ್ತಿ ಕೊಡುವ 5,500 ಸುತ್ತಿನಲ್ಲಿ ಇದೇ ಪ್ರೊಪೆಲ್ಲರ್ ತಿರುಗಿಸಿದರೆ ತುದಿಯ ವೇಗ 527 ಮೀಟರ್, ಅಂದರೆ ಶಬ್ದದ ಒಂದೂವರೆ ಪಟ್ಟು. ಆಗ ಎಂಜಿನ್ ಶಕ್ತಿಯ ಬಹಳಷ್ಟು ಗಾಳಿಯ ತಡೆಯಲ್ಲಿ, ಸದ್ದಿನಲ್ಲಿ ಕಳೆದುಹೋಗುತ್ತದೆ.

ಇದಕ್ಕೆ ಎರಡು ದಾರಿ. ಎಂಜಿನ್ನನ್ನೇ ನಿಧಾನವಾಗಿ ಓಡಿಸಿ, ಸಿಕ್ಕಷ್ಟು ಶಕ್ತಿಗೆ ತೃಪ್ತಿಪಡುವುದು ಒಂದು. ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ತಮ್ಮ ಏರ್ ಕ್ಯಾಂಪರ್ ವಿಮಾನಕ್ಕೆ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿದ್ದು ಹೀಗೆ. 40 ಅಶ್ವಶಕ್ತಿಯ ಆ ಎಂಜಿನ್ ಮೊದಲೇ ನಿಧಾನಿ, ನೇರ ಜೋಡಣೆ ಸಾಕಾಯಿತು. ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿ ತಂಪಿನ ಎಂಜಿನ್, ಷೆವ್ರೊಲೆ ಕಾರ್ವೇರ್‌ನ ಆರು ಸಿಲಿಂಡರ್ ಎಂಜಿನ್ ಇದೇ ದಾರಿಯವು. ಇಲ್ಲೂ ಒಂದು ಗುಪ್ತ ಹೊರೆ ಇದೆ. ತಿರುಗುವ ಪ್ರೊಪೆಲ್ಲರ್ ತನ್ನ ದಿಕ್ಕು ಬದಲಾಗುವುದನ್ನು ವಿರೋಧಿಸುತ್ತದೆ. ವಿಮಾನ ಮೂತಿ ಎತ್ತಿದಾಗ, ತಿರುಗಿದಾಗ ಆ ವಿರೋಧವೆಲ್ಲ ಕ್ರ್ಯಾಂಕ್‌ಶಾಫ್ಟನ್ನು ಬಗ್ಗಿಸುವ ಬಲವಾಗಿ ಬರುತ್ತದೆ. ಕಾರಿನಲ್ಲಿ ಆ ಶಾಫ್ಟ್ ಇಂಥ ಬಲವನ್ನು ಕಂಡಿರಲೇ ಇಲ್ಲ. ಕಾರ್ವೇರ್ ಎಂಜಿನ್ ಬಳಸಿದವರ ಕ್ರ್ಯಾಂಕ್‌ಶಾಫ್ಟ್‌ಗಳು ಬಿರುಕು ಬಿಟ್ಟು, ಮುಂಭಾಗಕ್ಕೆ ಹೆಚ್ಚುವರಿ ಬೇರಿಂಗ್ ಸೇರಿಸುವ ಪದ್ಧತಿ ಬಂದದ್ದು ಈ ಕಾರಣಕ್ಕೆ.

ಎರಡನೆಯ ದಾರಿ ಗೇರ್ ಅಥವಾ ಹಲ್ಲಿನ ಬೆಲ್ಟ್ ಮೂಲಕ ವೇಗ ಇಳಿಸುವುದು. ವಿಮಾನಕ್ಕೆಂದೇ ಮಾಡಿದ ರೋಟ್ಯಾಕ್ಸ್ 912 ಯುಎಲ್‌ಎಸ್ ಕೂಡ 5,800 ಸುತ್ತಿನಲ್ಲಿ 100 ಅಶ್ವಶಕ್ತಿ ಕೊಟ್ಟು, 2.43ಕ್ಕೆ 1ರ ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರನ್ನು 2,400ರ ಒಳಗೆ ಇಡುತ್ತದೆ. ಕಾಗದದ ಮೇಲೆ ಇದು ಸುಲಭ. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತಿ ಅಪಾಯದ ಭಾಗವೂ ಇದೇ. ಕಾರಣ, ತಿರುಚು ಕಂಪನ.

ಎಂಜಿನ್ ಶಾಫ್ಟ್ ಒಂದೇ ಸಮನೆ ತಿರುಗುವಂತೆ ಕಂಡರೂ, ಅದು ನಿಜಕ್ಕೂ ಮುನ್ನಡೆಯುವುದು ಹೊಡೆತಗಳಲ್ಲಿ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 900 ಸುತ್ತಿನಲ್ಲಿ ಸೆಕೆಂಡಿಗೆ 30 ಹೊಡೆತ, 5,400ರಲ್ಲಿ 180. ಶಾಫ್ಟ್‌ನ ಆ ತುದಿಯಲ್ಲಿ ಭಾರವಾದ ಪ್ರೊಪೆಲ್ಲರ್ ಇದೆ, ಈ ತುದಿಯಲ್ಲಿ ಕ್ರ್ಯಾಂಕ್‌ಶಾಫ್ಟ್, ನಡುವೆ ಸ್ಪ್ರಿಂಗ್‌ನಂತೆ ಚೂರು ತಿರುಚಿಕೊಳ್ಳುವ ಶಾಫ್ಟ್ ಮತ್ತು ಗೇರು. ಇಂಥ ಜೋಡಣೆಗೆ ತನ್ನದೇ ಸಹಜ ಕಂಪನದ ಲಯ ಇರುತ್ತದೆ. ಎಂಜಿನ್‌ನ ಹೊಡೆತ ಆ ಲಯಕ್ಕೆ ಸರಿಯಾಗಿ ಬಿದ್ದರೆ, ಉಯ್ಯಾಲೆ ಹಿಂದಕ್ಕೆ ಬಂದಾಗಲೆಲ್ಲ ಬೆರಳಿನಿಂದ ತಳ್ಳಿದರೂ ಅದು ಜೋರಾಗುತ್ತ ಹೋಗುವಂತೆ, ಕಂಪನ ಬೆಳೆಯುತ್ತದೆ. ಆಗ ಶಾಫ್ಟ್‌ನೊಳಗಿನ ತಿರುಚು ಬಲ ಎಂಜಿನ್‌ನ ಸರಾಸರಿ ತಿರುಚು ಬಲದ ಹಲವು ಪಟ್ಟಾಗಬಹುದು. ಕ್ಯಾಬಿನ್‌ನಲ್ಲಿ ಕುಳಿತವರಿಗೆ ಇದು ಗೊತ್ತಾಗಬೇಕೆಂದೇನೂ ಇಲ್ಲ. ಶಾಫ್ಟ್ ತನ್ನೊಳಗೇ ತಿರುಚಿ ಬಿಡಿಸಿಕೊಳ್ಳುತ್ತಿರುತ್ತದೆ, ಸೀಟು ಅಲುಗುವುದಿಲ್ಲ. ಒಂದು ದಿನ ಗೇರ್‌ನ ಹಲ್ಲು ಕಿತ್ತುಬರುತ್ತದೆ.

ಹೀಗಾಗಿ ವಿನ್ಯಾಸಕಾರರು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ರಬ್ಬರಿನಂಥ ಮೃದು ಜೋಡಣೆ ಹಾಕಿ, ಆ ಸಹಜ ಲಯವನ್ನು ಐಡಲ್ ವೇಗಕ್ಕಿಂತ (ಎಂಜಿನ್ ಹೊರೆಯಿಲ್ಲದೆ ಅತಿ ನಿಧಾನವಾಗಿ ಓಡುವ ವೇಗ) ಕೆಳಗೆ, ಸೆಕೆಂಡಿಗೆ 20 ಕಂಪನಕ್ಕೆ ಎನ್ನಿ, ತಳ್ಳುತ್ತಾರೆ. ಎಂಜಿನ್ ಶುರುವಾಗುವಾಗ ಒಂದೆರಡು ಕ್ಷಣ ಆ ವಲಯ ದಾಟಿದರೆ ಮುಗಿಯಿತು. ಆದರೂ ಒಂದು ಬಲೆ ಉಳಿಯುತ್ತದೆ. ಹಾರುತ್ತಿರುವಾಗ ಒಂದು ಸಿಲಿಂಡರ್ ಸಿಡಿಯುವುದನ್ನು ನಿಲ್ಲಿಸಿತು ಎನ್ನಿ. ಆಗ ಹೊಡೆತದ ಮಾದರಿಯೇ ಬದಲಾಗಿ, ಎರಡು ಸುತ್ತಿಗೊಮ್ಮೆ ಮರುಕಳಿಸುವ ಹೊಸ ಕುಲುಕಾಟ ಹುಟ್ಟುತ್ತದೆ. 2,400 ಸುತ್ತಿನಲ್ಲಿ ಅದು ಸೆಕೆಂಡಿಗೆ ಸರಿಯಾಗಿ 20. ಐಡಲ್‌ಗಿಂತ ಕೆಳಗೆ ಅಡಗಿಸಿಟ್ಟಿದ್ದ ಲಯ ಈಗ ಥ್ರಾಟಲ್‌ನ ನಟ್ಟನಡುವೆ ಎದ್ದು ನಿಲ್ಲುತ್ತದೆ. ಕೆಟ್ಟದ್ದು ಒಂದು ಸ್ಪಾರ್ಕ್ ಪ್ಲಗ್, ಮುರಿಯುವುದು ಗೇರ್‌ಬಾಕ್ಸ್. ಬೇರೆಯವರಿಗೆ ಸಾವಿರ ಗಂಟೆ ಓಡಿದ ಗೇರ್‌ಬಾಕ್ಸನ್ನೇ ತಂದು ಬೇರೆ ಪ್ರೊಪೆಲ್ಲರ್ ಅಥವಾ ಬೇರೆ ಫ್ಲೈವೀಲ್ ಹಾಕಿದರೂ ಲೆಕ್ಕ ಮೊದಲಿನಿಂದ ಶುರು. ಎಂಜಿನ್, ಜೋಡಣೆ, ಗೇರು, ಪ್ರೊಪೆಲ್ಲರ್ ನಾಲ್ಕನ್ನೂ ಒಟ್ಟಾಗಿ ಯಾರಾದರೂ ಬಹಳ ಗಂಟೆ ಹಾರಿಸಿದ್ದರೆ ಅದನ್ನು ಹಾಗೆಯೇ ನಕಲು ಮಾಡುವುದೇ ಜಾಣತನ. ಹೊಸತನ ತೋರಿಸಲು ವಿಮಾನದಲ್ಲಿ ಬೇರೆ ಜಾಗಗಳಿವೆ.

ನೀರು, ಪೆಟ್ರೋಲು, ವಿದ್ಯುತ್ತು

ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಶಾಫ್ಟ್‌ಗೆ, ಒಂದು ಪಾಲು ಸೈಲೆನ್ಸರ್ ದಾರಿಯಾಗಿ ಹೊರಗೆ, ಇನ್ನೊಂದು ಪಾಲು ತಂಪುಮಾಡುವ ನೀರಿಗೆ ಎಂಬುದು ಹಳೆಯ ಅಂದಾಜು. ಅಂದರೆ 100 ಅಶ್ವಶಕ್ತಿ ಕೊಡುವಾಗ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ರೇಡಿಯೇಟರ್ ಹೊರಹಾಕಬೇಕು. ತೊಂದರೆ ಬರುವುದು ಮೇಲೇರುವಾಗ. ಆಗ ಥ್ರಾಟಲ್ ಪೂರ್ತಿ, ವೇಗ ಮಾತ್ರ ಕಡಿಮೆ. ರೇಡಿಯೇಟರ್‌ಗೆ ಗಾಳಿ ನುಗ್ಗಿಸುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಗಂಟೆಗೆ 220 ಕಿಲೋಮೀಟರ್‌ನಲ್ಲಿ ಸಿಗುವ ಒತ್ತಡದ ಮೂರನೇ ಒಂದು ಭಾಗದಷ್ಟೂ 120ರಲ್ಲಿ ಸಿಗುವುದಿಲ್ಲ. ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಇನ್ನೂ ದೊಡ್ಡ ರೇಡಿಯೇಟರ್. ಸಾಮಾನ್ಯವಾಗಿ ಬೇಕಾದದ್ದು ಅದಲ್ಲ. ಗಾಳಿ ಒಳಬರುವ ಬಾಯಿ ಚಿಕ್ಕದಿದ್ದು, ನಾಳ ನಿಧಾನಕ್ಕೆ ಅಗಲವಾಗುತ್ತ ಹೋಗಿ, ಗಾಳಿಯ ವೇಗ ಇಳಿದು ಒತ್ತಡ ಏರಿದ ಮೇಲೆ ಅದು ರೇಡಿಯೇಟರ್ ತಾಗಬೇಕು. ಬಿಸಿಗಾಳಿಗೆ ಹೊರಹೋಗಲು ಒಳ್ಳೆಯ ದಾರಿ ಇರಬೇಕು. ಹೊರದಾರಿಯನ್ನೇ ಮರೆತ ವಿನ್ಯಾಸಗಳು ಎಷ್ಟೋ. ಬ್ರಿಟನ್ನಿನ ಎಫ್. ಡಬ್ಲ್ಯೂ. ಮೆರೆಡಿತ್ 1930ರ ದಶಕದಲ್ಲೇ ತೋರಿಸಿಕೊಟ್ಟಂತೆ, ನಾಳ ಸರಿಯಾಗಿದ್ದರೆ ಬಿಸಿಯಾಗಿ ಹಿಗ್ಗಿದ ಗಾಳಿ ಹಿಂದಕ್ಕೆ ಚಿಮ್ಮಿ, ರೇಡಿಯೇಟರ್ ಒಡ್ಡುವ ತಡೆಯ ಬಹಳಷ್ಟನ್ನು ತುಂಬಿಕೊಡುತ್ತದೆ. ಎರಡನೆಯ ಮಹಾಯುದ್ಧದ ಯುದ್ಧವಿಮಾನ ಪಿ-51 ಮಸ್ಟಾಂಗ್‌ನ ಹೊಟ್ಟೆಯ ಕೆಳಗಿನ ಆ ದೊಡ್ಡ ಬಾಯಿಯ ಹಿಂದಿರುವುದು ಇದೇ ವಿಚಾರ.

ಪೆಟ್ರೋಲ್ ವ್ಯವಸ್ಥೆಯಲ್ಲಿ ಎರಡು ಕಡೆ ಎಚ್ಚರ ಬೇಕು. ಪಂಪು ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುವಂತೆ ಇಟ್ಟರೆ, ಹೀರುವ ಕಡೆ ಒತ್ತಡ ಇಳಿದು, ಬಿಸಿಯ ದಿನ ಪೈಪಿನೊಳಗೇ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ಆವಿ ಎಳೆಯಲು ಬಾರದು. ಆದ್ದರಿಂದ ಪಂಪು ತಗ್ಗಿನಲ್ಲಿ, ಟ್ಯಾಂಕಿನ ಹತ್ತಿರ, ಎಂಜಿನ್ ಬಿಸಿಯಿಂದ ದೂರ ಇರಬೇಕು. ಎಳೆಯುವ ಬದಲು ತಳ್ಳಬೇಕು. ಎರಡನೆಯದು ಹಿಂತಿರುಗುವ ಪೈಪು. ಬಹಳಷ್ಟು ಇಂಜೆಕ್ಷನ್ ವ್ಯವಸ್ಥೆಗಳು ಎಂಜಿನ್ ಸುಡುವುದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲ್ ಕಳಿಸಿ ಉಳಿದದ್ದನ್ನು ಹಿಂದಕ್ಕೆ ಬಿಡುತ್ತವೆ. ಎಡ ಟ್ಯಾಂಕಿನಿಂದ ತೆಗೆದು ಬಲಕ್ಕೆ ಬಿಟ್ಟರೆ, ಬಲ ಟ್ಯಾಂಕ್ ತುಂಬಿ ಗಾಳಿಕೊಳವೆಯಿಂದ ಹೊರಗೆ ಚೆಲ್ಲುತ್ತದೆ, ಎಡದ್ದು ಖಾಲಿಯಾಗುತ್ತದೆ. ಪೈಲಟ್ ಮಾತ್ರ ಇನ್ನೂ ಎರಡು ಗಂಟೆಗೆ ಪೆಟ್ರೋಲ್ ಇದೆ ಎಂದುಕೊಂಡಿರುತ್ತಾನೆ.

ವಿದ್ಯುತ್ತಿನ ಮಾತು ಚಿಕ್ಕದು. ಪಂಪು, ಇಂಜೆಕ್ಟರು, ಕಿಡಿ, ಕಂಪ್ಯೂಟರು ಎಲ್ಲಕ್ಕೂ ವಿದ್ಯುತ್ ಬೇಕಾದ್ದರಿಂದ ಬ್ಯಾಟರಿ ಎರಡು, ಪಂಪು ಎರಡು, ಅವುಗಳಿಗೆ ಹೋಗುವ ದಾರಿಯೂ ಎರಡು ಇರಬೇಕು. ಎರಡೂ ದಾರಿ ಕೊನೆಗೆ ಒಂದೇ ಸ್ವಿಚ್ಚಿಗೋ ಒಂದೇ ಅರ್ಥಿಂಗ್ ಬೋಲ್ಟಿಗೋ ಬಂದು ಸೇರಿದರೆ, ಎರಡು ಇಟ್ಟದ್ದು ತೋರಿಕೆಗೆ ಮಾತ್ರ. ಕಾರಿನ ಕಂಪ್ಯೂಟರನ್ನು ಹಾಗೆಯೇ ತಂದರೆ ಅದರ ಬುದ್ಧಿಯೂ ಜೊತೆಗೇ ಬರುತ್ತದೆ. ಯಾವುದೋ ಸೆನ್ಸರ್ ತಪ್ಪು ಹೇಳಿದರೆ ಅದು ಎಂಜಿನ್ ಉಳಿಸಲು ಶಕ್ತಿ ಕಡಿತ ಮಾಡುತ್ತದೆ. ರಸ್ತೆಯಲ್ಲಿ ಅದು ಸರಿ. ಮರಗಳ ಮೇಲೆ ಏರುತ್ತಿರುವವನಿಗೆ ಬೇಕಾದದ್ದು ಉಲ್ಟಾ: ಎಂಜಿನ್ ಹಾಳಾದರೆ ಆಗಲಿ, ಇನ್ನೆರಡು ನಿಮಿಷ ಓಡಲಿ.

ತಕ್ಕಡಿಯ ಮೇಲೆ

ರೇಡಿಯೇಟರ್, ಗೇರ್‌ಬಾಕ್ಸ್, ಎರಡನೆಯ ಬ್ಯಾಟರಿ ಎಲ್ಲ ಸೇರಿ ಭಾರ ಏರಿರುತ್ತದೆ, ಅದೂ ಮೂತಿಯ ಕಡೆ. 450 ಕಿಲೋ ವಿಮಾನದ ಗುರುತ್ವ ಕೇಂದ್ರದಿಂದ 1.2 ಮೀಟರ್ ಮುಂದೆ 20 ಕಿಲೋ ಹೆಚ್ಚಾದರೆ, ಕೇಂದ್ರ ಸುಮಾರು 5 ಸೆಂಟಿಮೀಟರ್ ಮುಂದೆ ಸರಿಯುತ್ತದೆ. ಸಣ್ಣ ವಿಮಾನದಲ್ಲಿ ಕೇಂದ್ರ ಓಡಾಡಬಹುದಾದ ಜಾಗವೇ ಇಪ್ಪತ್ತು ಸೆಂಟಿಮೀಟರ್ ಸುತ್ತಮುತ್ತ. 7 ಕಿಲೋ ಬ್ಯಾಟರಿಯನ್ನು ಎಂಜಿನ್ ಬಳಿಯಿಂದ 2 ಮೀಟರ್ ಹಿಂದಕ್ಕೆ ಒಯ್ದರೆ ಅದರಲ್ಲಿ 3 ಸೆಂಟಿಮೀಟರ್ ವಾಪಸ್ ಸಿಗುತ್ತದೆ. ಇದೆಲ್ಲ ಮೂರು ಚಕ್ರದ ಕೆಳಗೆ ಮೂರು ತಕ್ಕಡಿ ಇಟ್ಟು ತೂಗಿದ ಮೇಲಿನ ಮಾತು. ಅಂದಾಜಿನ ಮೇಲೆ ಯಾರೂ ಹಾರಬಾರದು.

ಪರೀಕ್ಷೆ ನೆಲದಲ್ಲೇ ಶುರು

ಅಮೆರಿಕದಲ್ಲಿ ಹವ್ಯಾಸಿಗಳು ಕಟ್ಟುವ ವಿಮಾನಕ್ಕೆ ‘ಎಕ್ಸ್‌ಪೆರಿಮೆಂಟಲ್’ ವರ್ಗವಿದೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಲಿಕೆಗಾಗಿ, ಹವ್ಯಾಸಕ್ಕಾಗಿ ಕಟ್ಟುವವರೇ ಮಾಡಿರಬೇಕು. ಇದನ್ನೇ 51 ಶೇಕಡಾ ನಿಯಮ ಎನ್ನುವುದು. ಪ್ರಮಾಣಪತ್ರ ಸಿಕ್ಕ ಮೇಲೆ ಮೊದಲ ಹಂತದ ಪರೀಕ್ಷಾ ಹಾರಾಟ. ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಪ್ರಮಾಣಿತವಾಗಿದ್ದರೆ ಸಾಂಪ್ರದಾಯಿಕವಾಗಿ 25 ಗಂಟೆ, ಅಲ್ಲದಿದ್ದರೆ 40. ಆ ಅವಧಿಯಲ್ಲಿ ಗೊತ್ತುಪಡಿಸಿದ ಪ್ರದೇಶದ ಆಚೆ ಹೋಗುವಂತಿಲ್ಲ, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆ ಹೆಚ್ಚುವರಿ 15 ಗಂಟೆಯನ್ನು ಶಿಕ್ಷೆ ಎಂದುಕೊಳ್ಳುವವರಿದ್ದಾರೆ. ಕಾರಿನ ಎಂಜಿನ್ ಹಾಕಿದವರಿಗೆ ನಿಜವಾಗಿ 40 ಕೂಡ ಕಡಿಮೆಯೇ.

ಆದರೆ ಮೊದಲ ದೋಷಗಳು ಸಿಗಬೇಕಾದದ್ದು ಗಾಳಿಯಲ್ಲಲ್ಲ. ವಿಮಾನವನ್ನು ಭದ್ರವಾಗಿ ಕಟ್ಟಿಹಾಕಿ, ಹಾರುವಾಗ ಇರಲಿರುವ ಅದೇ ಪ್ರೊಪೆಲ್ಲರ್, ಅದೇ ಮುಚ್ಚಳಗಳೊಂದಿಗೆ ಎಂಜಿನ್ನನ್ನು ಗಂಟೆಗಟ್ಟಲೆ ಓಡಿಸಬೇಕು. ಪ್ರತಿ ಓಟದ ನಂತರ ಮುಚ್ಚಳ ತೆಗೆದು ಪ್ರತಿ ಪೈಪು, ಕ್ಲಾಂಪು, ವೈರನ್ನು ಕೈಯಲ್ಲಿ ಮುಟ್ಟಿ ನೋಡಬೇಕು. ಉಜ್ಜಿದ ಗುರುತು ಎಲ್ಲಿದೆಯೋ ಅಲ್ಲಿ ಮುಂದೆ ತೂತು ಬೀಳಲಿದೆ. ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ಲೋಹದ ಚೂರು ಹುಡುಕಬೇಕು. ಗೇರ್‌ಬಾಕ್ಸ್‌ಗೆ ಪ್ರತ್ಯೇಕ ಆಯಿಲ್ ಇದ್ದರೆ ಅದರಲ್ಲಿ ಅಯಸ್ಕಾಂತದ ಪ್ಲಗ್ ಹಾಕುವುದು ಅಗ್ಗದ ವಿಮೆ.

ಬಹಳ ಜನ ತಪ್ಪಿಸುವ ಪರೀಕ್ಷೆ ಪೆಟ್ರೋಲ್ ಹರಿವಿನದು. ಮೂತಿಯನ್ನು ಅತಿ ಕಡಿದಾದ ಏರಿಕೆಯ ಕೋನಕ್ಕೆ ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ತಳ ಮುಟ್ಟುವಷ್ಟೇ ಪೆಟ್ರೋಲ್ ಇಟ್ಟು, ಎಂಜಿನ್ ಕಡೆಯ ಪೈಪು ಬಿಚ್ಚಿ ಎಷ್ಟು ಬರುತ್ತದೆ ಅಳೆಯಬೇಕು. ಪಂಪಿನ ವ್ಯವಸ್ಥೆಯಾದರೆ ಎಂಜಿನ್‌ನ ಗರಿಷ್ಠ ಬೇಡಿಕೆಯ 125 ಶೇಕಡಾ, ಗುರುತ್ವದಿಂದಲೇ ಇಳಿಯುವುದಾದರೆ 150 ಶೇಕಡಾ ಬರಬೇಕು. ಗಂಟೆಗೆ 27 ಲೀಟರ್ ಕುಡಿಯುವ ಎಂಜಿನ್‌ಗೆ ಪಂಪಿನಿಂದ ಸುಮಾರು 34 ಲೀಟರ್. ಮೂತಿ ಸಮತಟ್ಟಾಗಿದ್ದಾಗ ಧಾರಾಳ ಸುರಿದು, ಎತ್ತಿದೊಡನೆ ತೊಟ್ಟಿಕ್ಕುವ ವಿಮಾನ ಟೇಕಾಫ್ ಆದ ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ರೆಕ್ಕೆಯ ಕೆಳಗೆ ರನ್‌ವೇ ಮುಗಿದಿರುತ್ತದೆ, ಹಿಂದಕ್ಕೆ ತಿರುಗುವಷ್ಟು ಎತ್ತರ ಸಿಕ್ಕಿರುವುದಿಲ್ಲ.

ಗಾಳಿಗೆ

ಮೊದಲ ಹಾರಾಟದಲ್ಲಿ ಸಾಧಿಸಬೇಕಾದದ್ದು ಬಹಳ ಕಡಿಮೆ. ಗಾಳಿ ತಣ್ಣಗಿರುವ ಬೆಳಿಗ್ಗೆ, ಉದ್ದ ರನ್‌ವೇ, ಟ್ಯಾಂಕಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್, ಒಳಗೆ ಒಬ್ಬರೇ. ಎತ್ತರ ಗಳಿಸುತ್ತ ವಿಮಾನ ನಿಲ್ದಾಣದ ಮೇಲೇ ಸುತ್ತಬೇಕು, ಎಂಜಿನ್ ಯಾವ ಕ್ಷಣ ನಿಂತರೂ ತೇಲಿಕೊಂಡು ರನ್‌ವೇಗೆ ಬರುವಷ್ಟು ಹತ್ತಿರದಲ್ಲಿ. ಮೇಲೆ ಹೋದ ಮೇಲೆ ನಿಧಾನಿಸಿ, ಇಳಿಯುವ ವೇಗದಲ್ಲಿ ವಿಮಾನ ಹೇಗೆ ವರ್ತಿಸುತ್ತದೆ ನೋಡಿ, ಅರ್ಧ ಗಂಟೆಯೊಳಗೆ ಇಳಿದು ಮುಚ್ಚಳ ತೆಗೆಯಬೇಕು. ಹೊಸ ವಿಮಾನಕ್ಕೆ ಹೊಸ ಪೈಲಟ್ ಬೇಡ. ತಾವೇ ಕಟ್ಟಿದ ವಿಮಾನವನ್ನು ತಾವೇ ಮೊದಲು ಹಾರಿಸಬೇಕೆಂಬ ಆಸೆ ಅರ್ಥವಾಗುವಂಥದ್ದೇ. ಆದರೆ ವರ್ಷಗಟ್ಟಲೆ ಕಟ್ಟುವುದರಲ್ಲೇ ಮುಳುಗಿದವರ ಹಾರುವ ಕೈ ಸಾಮಾನ್ಯವಾಗಿ ಜಂಗು ಹಿಡಿದಿರುತ್ತದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವಿಮಾನಗಳ ಅಪಘಾತಕ್ಕೆ ಮುಖ್ಯವಾಗಿ ಕಂಡುಬಂದವು ಎರಡು: ಎಂಜಿನ್ ಕಡೆಯ ವೈಫಲ್ಯ, ಹಾರಾಟದಲ್ಲಿ ಹಿಡಿತ ತಪ್ಪುವುದು. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಎಂಜಿನ್ ಕೆಮ್ಮಿದೊಡನೆ ಪೈಲಟ್‌ನ ಕಣ್ಣು ಮೀಟರ್‌ಗಳಿಗೆ ಅಂಟಿಕೊಳ್ಳುತ್ತದೆ, ಅಷ್ಟರಲ್ಲಿ ವೇಗ ಇಳಿದು ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುತ್ತದೆ.

ಉಳಿದ ಗಂಟೆಗಳಲ್ಲಿ ಒಂದು ಹಾರಾಟಕ್ಕೆ ಒಂದು ಪ್ರಶ್ನೆ. ಇವತ್ತು ಸ್ಟಾಲ್ ವೇಗ ಎಷ್ಟು. ನಾಳೆ ಯಾವ ವೇಗದಲ್ಲಿ ಏರಿದರೆ ಎತ್ತರ ಬೇಗ ಸಿಗುತ್ತದೆ. ಇನ್ನೊಂದು ದಿನ ಬೇರೆ ಬೇರೆ ದಿಕ್ಕಿಗೆ ಹಾರಿ, ಜಿಪಿಎಸ್ ಜೊತೆ ತಾಳೆ ನೋಡಿ ವೇಗಮಾಪಕ ಎಷ್ಟು ಸುಳ್ಳು ಹೇಳುತ್ತಿದೆ ಎಂದು ಲೆಕ್ಕ ಹಾಕುವುದು. ಗರಿಷ್ಠ ವೇಗದ ಕಡೆಗೆ ಸಣ್ಣ ಸಣ್ಣ ಮೆಟ್ಟಿಲಲ್ಲಿ ಹೋಗಬೇಕು. ಕಾರಿನ ಎಂಜಿನ್ ಇದ್ದವರಿಗೆ ಇದರ ಜೊತೆ ಇನ್ನೊಂದು ಪುಸ್ತಕ: ಹೊರಗಿನ ಉಷ್ಣತೆ, ಏರಿಕೆಯಲ್ಲಿ ನೀರಿನ ಉಷ್ಣತೆ, ಆಯಿಲ್ ಉಷ್ಣತೆ, ಗೇರ್‌ಬಾಕ್ಸ್ ಉಷ್ಣತೆ, ವಿದ್ಯುತ್ ಎಷ್ಟು ಆಂಪಿಯರ್. ಹೊರಗೆ 20 ಡಿಗ್ರಿ ಇರುವಾಗ ಏರಿಕೆಯಲ್ಲಿ ನೀರು 100 ಮುಟ್ಟಿದರೆ, 35 ಡಿಗ್ರಿಯ ದಿನ ಅದು 115ರ ಹತ್ತಿರ ಹೋಗುತ್ತದೆ ಎಂದು ಇವತ್ತೇ ತಿಳಿಯಬಹುದು. ಒಂದೊಂದೇ ಅಂಕಿಯಲ್ಲಿ ಕಾಣದ್ದು ಸಾಲಿನಲ್ಲಿ ಕಾಣುತ್ತದೆ. ಅದೇ ಹವೆ, ಅದೇ ಶಕ್ತಿಯಲ್ಲಿ ಗೇರ್‌ಬಾಕ್ಸ್ ಹಾರಾಟದಿಂದ ಹಾರಾಟಕ್ಕೆ ಚೂರು ಚೂರೇ ಬಿಸಿಯಾಗುತ್ತಿದ್ದರೆ ಒಳಗಿನ ಬೇರಿಂಗ್ ಸವೆಯುತ್ತಿದೆ ಎಂದೇ ಹಿಡಿದು ಬಿಚ್ಚಿ ನೋಡಬೇಕು.

ಇಷ್ಟೆಲ್ಲ ಮಾಡಿದರೆ ದುಡ್ಡು ಉಳಿಯುತ್ತದೆಯೇ? ನನಗೆ ಅನುಮಾನ. ಅಗ್ಗದ ಎಂಜಿನ್ ಸುತ್ತ ಗೇರ್‌ಬಾಕ್ಸ್, ರೇಡಿಯೇಟರ್, ಕಂಪ್ಯೂಟರ್, ಜೋಡಿ ಪಂಪು ಸೇರಿಸಿ, ಎರಡು ಬಾರಿ ಬದಲಿಸಿದ ಮೇಲೆ ಉಳಿತಾಯದ ಬಹುಪಾಲು ಕರಗಿರುತ್ತದೆ. ಮುಂದೆ ಮಾರಲು ಹೋದರೆ ಬೆಲೆಯೂ ಕಡಿಮೆ ಬರುತ್ತದೆ. ಹಾರುವುದಷ್ಟೇ ಬೇಕಾದವರು ಹಳೆಯದೊಂದು ಲೈಕಮಿಂಗ್ ಕೊಳ್ಳುವುದು ಲೇಸು. ಶೆಡ್ಡಿನಲ್ಲಿ ಎಂಜಿನ್ ಜೊತೆ ಸಂಜೆ ಕಳೆಯುವುದೇ ಸುಖ ಎನ್ನುವವರ ಲೆಕ್ಕ ಬೇರೆ.

ಪರೀಕ್ಷೆಯ ಗಂಟೆಗಳು ಮುಗಿದ ದಿನ, ವಿಮಾನ ತನ್ನ ವೇಗದ ವ್ಯಾಪ್ತಿಯಲ್ಲೆಲ್ಲ ಹಿಡಿತಕ್ಕೆ ಸಿಗುತ್ತದೆ, ಅಪಾಯದ ಗುಣಗಳಿಲ್ಲ ಎಂದು ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬೇಕು. ಜೊತೆಗೆ ಸ್ಟಾಲ್ ವೇಗ, ಏರಿಕೆಯ ವೇಗಗಳು, ಆಗಿದ್ದ ತೂಕ, ಗುರುತ್ವ ಕೇಂದ್ರ. ಮುಂದೆಂದಾದರೂ ಬೇರೆ ಮಾದರಿಯ ಪ್ರೊಪೆಲ್ಲರ್ ಹಾಕುವಂಥ ದೊಡ್ಡ ಬದಲಾವಣೆ ಮಾಡಿದರೆ ಮತ್ತೆ ಮೊದಲ ಹಂತಕ್ಕೆ ಮರಳಿ, ಕನಿಷ್ಠ 5 ಗಂಟೆ ಒಬ್ಬರೇ ಹಾರಬೇಕು. ತಿರುಚು ಕಂಪನದ ಲೆಕ್ಕವನ್ನೂ ಆಗ ಹೊಸದಾಗಿ ಹಾಕಬೇಕು.